ಮೂರು ಬೆರಳು ಓರೆ

ಕರೆಂಟ್ ಹೋಗಿದೆ, ಹೋಗಲಿ. ಬರುವ ತನಕ ಒಂದು ಮಾತು ಕೇಳಿ. ಆ ಮೊಬೈಲಿನ ಬೆಳಕು ಆರಿಸಿ, ದೀಪ ಅಷ್ಟೇ ಸಾಕು.

ಇದು ಕಟ್ಟಿದ ಕತೆಯಲ್ಲ. ವಿಜಯಶ್ರೀ ಬೇರೆ ಯಾರೂ ಅಲ್ಲ, ನಮ್ಮ ದೊಡ್ಡವ್ವನ ಮಗಳು. ಅಫಜಲಪುರದಲ್ಲಿ ಜಂಪರ್ ಹೊಲಿದು ಮನೆ ನಡೆಸುತ್ತಾಳೆ. ಗಂಡ ಲಾರಿಯ ಮೇಲೆ ಇರುವವನು, ಯಾವಾಗಲೋ ಒಮ್ಮೆ ಮುಖ ತೋರಿಸುತ್ತಾನೆ. ಗಟ್ಟಿ ಹೆಂಗಸು. ದೆವ್ವ ಗಿವ್ವ ಅಂದವರನ್ನು ನಕ್ಕು ಕಳಿಸುತ್ತಿದ್ದವಳು. ಈಗ ಹೋಗಿ ಆಕೆಯ ಮುಂದೆ ತವರುಮನೆಯ ಬೇಸಿನ್ನಿನ ಮಾತು ಎತ್ತಿ ನೋಡಿ... ಮಷೀನಿನ ಮೇಲಿನ ಕಾಲು ಹಾಗೇ ನಿಂತುಬಿಡುತ್ತದೆ.

ಅವತ್ತು ಕೊನೆಯ ಬಸ್ಸು ತಡವಾಗಿ ಬಂತು. ಗೊಬ್ಬೂರ ಕ್ರಾಸಿನಲ್ಲಿ ಇಳಿದವಳು ಆಕೆಯೊಬ್ಬಳೇ. ಕೈಯಲ್ಲಿ ಒಂದು ಚೀಲ. ಅದರಲ್ಲಿ ಹಸಿರು ಬಳೆ, ಅರಿಶಿನದ ಕೊಂಬು, ಅಡಿಕೆ, ಖಣ, ಒಂದು ತೆಂಗಿನಕಾಯಿ, ಒಂದು ಸಣ್ಣ ಹಿತ್ತಾಳೆ ಕೊಡ. ಮಗಳು ಭಾಗ್ಯಾ ಹೆತ್ತಿದ್ದಳು, ಹೆಣ್ಣು ಕೂಸು. ಬಾಣಂತಿ ಬಾವಿಗೆ ಹೋಗಿ ಗಂಗಿಪೂಜೆ ಮಾಡಿ, ಸಣ್ಣ ಕೊಡದಲ್ಲಿ ನೀರು ತುಂಬಿ ತಂದ ಮೇಲೇ ಮನೆಯ ನೀರು ಮುಟ್ಟಬೇಕು ತಾನೇ? ಆ ಪೂಜೆಗೆ ಭಾಗ್ಯಾಳನ್ನೂ ಕೂಸನ್ನೂ ಕರೆದುಕೊಂಡು ಜೇವರ್ಗಿಯಿಂದ ಬೀಗರು ಬರುವವರಿದ್ದರು. ಅವರೆಲ್ಲ ಬರುವಷ್ಟರಲ್ಲಿ ಬಾವಿಯ ಸುತ್ತ ಗುಡಿಸಿ ಸಾರಿಸಿ ಇಡೋಣವೆಂದು ವಿಜಯಶ್ರೀ ಹಿಂದಿನ ದಿನವೇ ಹೊರಟು ಬಂದಿದ್ದಳು. ಆದರೆ ಕೂಸಿಗೆ ಜ್ವರದ ಸೂಜಿ ಹಾಕಿಸಿದ್ದರಿಂದ ಅವರು ಇನ್ನೊಂದು ದಿನ ತಡ ಮಾಡಿ ಬರುತ್ತೇವೆಂದು ಬಸ್ಸಿನಲ್ಲಿರುವಾಗಲೇ ಫೋನು ಬಂತು. ಇರಲಿ, ತವರಿನಲ್ಲಿ ಒಂದು ದಿನ ಹೆಚ್ಚಿಗೆ ಇದ್ದಂತಾಯಿತು ಅಂದುಕೊಂಡಳು.

ಕ್ರಾಸಿನಿಂದ ಊರೊಳಕ್ಕೆ ಹೋಗುವ ದಾರಿಯಲ್ಲಿ ಒಂದು ಆಲದ ಮರ. ಅದನ್ನು ದಾಟಿದರೆ ಆಕೆಯ ತವರಿನ ಹಿತ್ತಲ ಗೋಡೆ. ಆ ಗೋಡೆ ಸುತ್ತಿಕೊಂಡೇ ಮುಂಬಾಗಿಲಿಗೆ ಹೋಗಬೇಕು. ಮರದ ಕೆಳಗೆ ಬಂದಳು. ಗಾಳಿ ಇಲ್ಲ. ಎಲೆ ಅಲುಗಲಿಲ್ಲ. ನಾಯಿಯೂ ಬೊಗಳಲಿಲ್ಲ. ಆಗ ಕೇಳಿಸಿತು.

ಕಿರ್ರ್... ಕಿರ್ರ್... ಟಕ್.

ನಿಂತಳು.

ಕಿರ್ರ್... ಕಿರ್ರ್... ಟಕ್. ಆಮೇಲೆ ಎಲ್ಲೋ ಕೆಳಗೆ, ಆಳದಲ್ಲಿ, ಬುಳುಂಗ್ ಎಂದು ಕೊಡ ಮುಳುಗಿದ ಸದ್ದು.

ಹೆದರಿದಳು ಅಂದುಕೊಂಡಿರಾ? ಇಲ್ಲ. ಎದೆ ತುಂಬಿ ಬಂತು ಆಕೆಗೆ. ಅದು ಹಿತ್ತಲ ಬಾವಿಯ ರಾಟೆಯ ಸದ್ದು. ಅಚ್ಚು ಸವೆದ ರಾಟೆ, ಎರಡು ಸುತ್ತಿಗೊಮ್ಮೆ ಕಲ್ಲಿಗೆ ಬಡಿಯುತ್ತಿತ್ತು. ಆ ಟಕ್ ಕೇಳಿಯೇ ಓಣಿಯವರು, ಗುರುಶಾಂತಮ್ಮ ನೀರಿಗೆ ಬಂದಳು ಅನ್ನುತ್ತಿದ್ದರು. ಗುರುಶಾಂತಮ್ಮ ಅಂದರೆ ವಿಜಯಶ್ರೀಯ ತಾಯಿ. ತೀರಿಕೊಂಡು ವರ್ಷ ಕಳೆದಿತ್ತು. ಆದರೂ ಬಾವಿ ಬದುಕಿದೆ, ಯಾರೋ ನೀರು ಸೇದುತ್ತಿದ್ದಾರೆ, ತಮ್ಮ ಮಾತು ಉಳಿಸಿಕೊಂಡಿದ್ದಾನೆ... ಹೀಗಂದುಕೊಂಡು ಆಕೆ ಕತ್ತಲಲ್ಲಿ ಒಬ್ಬಳೇ ನಕ್ಕಳು.

ಯಾವ ಮಾತು ಅಂತ ಹೇಳಬೇಕಲ್ಲ. ಗುರುಶಾಂತಮ್ಮ ಜೀವ ಬಿಡುವ ಮುಂಚೆ ಮಕ್ಕಳಿಬ್ಬರನ್ನೂ ಹತ್ತಿರ ಕರೆದು ಕೇಳಿದ್ದು ಒಂದೇ. ಬಾವಿಯ ಬಾಯಿ ಮುಚ್ಚಬೇಡಿ, ಅದರಲ್ಲಿ ಹೊಲಸು ಬಿಡಬೇಡಿ, ಈ ಮನೆಯ ಹೆಣ್ಣುಮಕ್ಕಳ ಗಂಗಿಪೂಜೆ ಅಲ್ಲೇ ಆಗಲಿ. ಮಗ ಅರುಣಕುಮಾರ ಕೊರಳಿನ ಲಿಂಗ ಕೈಯಲ್ಲಿ ಹಿಡಿದು ಹೂಂ ಅಂದ. ಲಿಂಗ ಹಿಡಿದು ಆಡಿದ ಮಾತಿಗಿಂತ ದೊಡ್ಡ ಮಾತು ನಮ್ಮಲ್ಲಿ ಯಾವುದಿದೆ? ಅದನ್ನು ನಂಬಿ ವಿಜಯಶ್ರೀ ತನ್ನ ಪಾಲು ಬಿಟ್ಟುಕೊಟ್ಟಳು. ಮನೆಯಲ್ಲೂ ಬೇಡ, ಹೊಲದಲ್ಲೂ ಬೇಡ, ಬಾವಿ ಒಂದು ಇರಲಿ ತಮ್ಮಾ ಅಂದು ಸಹಿ ಹಾಕಿ ಬಂದಳು. ಆಮೇಲೆ ಹೊಲಿಗೆ ಬಿಟ್ಟು ತವರಿಗೆ ಬರಲು ಆಗಿರಲಿಲ್ಲ, ಆದರೆ ಅಮಾವಾಸ್ಯೆ ಬಂತೆಂದರೆ ತಮ್ಮನ ಹೆಂಡತಿ ಭುವನೇಶ್ವರಿ ಫೋನಿಗೆ ಒಂದು ಫೋಟೋ ಕಳಿಸುತ್ತಿದ್ದಳು. ಕಲ್ಲಿನ ಮೇಲೆ ಉರಿಯುವ ಹಣತೆ. ಕೆಳಗೆ, ‘ಬಾವಿಗೆ ದೀಪ ಹಚ್ಚೀನಿ ಅಕ್ಕಾ’ ಅಂತ. ವಿಜಯಶ್ರೀ ಅಂಗಡಿಯಲ್ಲಿ ಕೂತು ಆ ಫೋಟೋಕ್ಕೆ ಕೈ ಮುಗಿಯುತ್ತಿದ್ದಳು. ಗಿರಾಕಿಗಳು ನಗುತ್ತಿದ್ದರು.

ಬಾಗಿಲು ತೆರೆದವಳು ಭುವನೇಶ್ವರಿ.

"ಈಗ ಬಂದ್ಯಾ ಅಕ್ಕಾ? ಬಸ್ಸ ತಡಾ ಆತೇನ?"

"ಹೂಂ. ಈಟೊತ್ತಿನ್ಯಾಗ ನೀರ ಯಾರ ಸೇದಾಕತ್ತಾರ ಭುವನಾ?"

ಭುವನೇಶ್ವರಿ ಕೈಯಲ್ಲಿದ್ದ ತಂಬಿಗೆಯನ್ನು ಹೊಸ್ತಿಲ ಮೇಲೆ ಇಟ್ಟಳು.

"ಯಾರ ಸೇದತಾರ... ಬೋರಿನ ನೀರ ಅದಲ್ಲ," ಅಂದಳು. "ಕೈಕಾಲ ತೊಳ್ಕೋ ಬಾ. ಹೊಸಾ ಬಚ್ಚಲ ಮಾಡಿಸೇವಿ."

ಮನೆಯ ಹಿಂಬದಿಯಲ್ಲಿ ಹೊಸ ಬಚ್ಚಲು ಎದ್ದಿತ್ತು. ಗೋಡೆಗೆಲ್ಲ ಬಿಳಿ ಟೈಲ್ಸು, ಕನ್ನಡಿ, ಕನ್ನಡಿಯ ಕೆಳಗೆ ಹೂವಿನ ಚಿತ್ರದ ಬೇಸಿನ್. ಅರುಣಕುಮಾರನ ಮಗನಿಗೆ ಮಟಕಿ ಎಂಬ ಊರಲ್ಲಿ ಹೆಣ್ಣು ಗೊತ್ತಾಗಿತ್ತು. ಬೀಗರು ಮನೆ ನೋಡಲು ಬರುವಷ್ಟರಲ್ಲಿ ಎಲ್ಲ ಥಳಥಳ ಅನ್ನಬೇಕಿತ್ತು. ವಿಜಯಶ್ರೀ ನಳ ತಿರುಗಿಸಿ ಕೈಯೊಡ್ಡಿದಳು. ಮರುಕ್ಷಣ ಕಾಲ ಮೇಲೆ ತಣ್ಣಗೆ ಸುರಿಯಿತು. ಬಗ್ಗಿ ನೋಡಿದರೆ ಬೇಸಿನ್ನಿನಿಂದ ಇಳಿದ ಕೊಳವೆ ಒಂದು ಕಡೆ, ಗೋಡೆಯಿಂದ ಬಾಯಿ ತೆರೆದ ಪೈಪು ಇನ್ನೊಂದು ಕಡೆ. ಒಂದಕ್ಕೊಂದು ಕೂಡಿಯೇ ಇರಲಿಲ್ಲ.

"ಅದೊಂದ ಸರಿ ಆಗವಲ್ದಕ್ಕ," ಅಂದ ಅರುಣಕುಮಾರ, ಬಾಗಿಲಲ್ಲಿ ನಿಂತು. "ಮೂರ ಬೆರಳ ಫರಕ ಬರಾಕತ್ತದ. ನೆಲೋಗಿ ಪೈಪಿನ ಹುಡುಗ ನಾಳಿ ಬರ್ತಾನ."

"ಆಗಲಿ ಬಿಡು. ಜರಾ ಬ್ಯಾಟರಿ ಕೊಡು, ಬಾವಿ ನೋಡಿ ಬರ್ತೇನಿ."

"ಈಟೊತ್ತಿಗ್ಯಾಕ? ಹಿತ್ತಲದಾಗ ಕಲ್ಲು ಫರಸಿ ಬಿದ್ದಾವ. ಮುಂಜಾನಿ ನೋಡಿದ್ರಾತು."

"ಬಾವಿ ಹಂಗ ಅದ ಅಲ್ಲ ತಮ್ಮಾ?"

"ಇದ್ದಂಗ ಅದ," ಅಂದ. ಅಕ್ಕನ ಮುಖ ನೋಡಲಿಲ್ಲ.

ಉಂಡು, ಬಚ್ಚಲಿನ ಗೋಡೆಗೆ ಅಂಟಿಕೊಂಡ ಚಿಕ್ಕ ಕೋಣೆಯಲ್ಲಿ ಹಾಸಿಕೊಂಡಳು. ತವರಿಗೆ ಬಂದಾಗಲೆಲ್ಲ ಆಕೆ ಮಲಗುವುದು ಅಲ್ಲೇ. ದಣಿದಿದ್ದಳು, ನಿದ್ದೆ ಹತ್ತಿತು.

ಬೆಳಗ್ಗೆ ಎದ್ದಾಗ ತಮ್ಮ ಗೊಬ್ಬರದ ಅಂಗಡಿಗೆ ಹೋಗಿಯಾಗಿತ್ತು. ಬಚ್ಚಲಲ್ಲಿ ಕಲ್ಯಾಣಕುಮಾರ ಬಂದು ಕೂತಿದ್ದ. ನೆಲೋಗಿಯ ಬೀರಲಿಂಗಪ್ಪನ ಮಗ, ಪೈಪಿನ ಕೆಲಸದವನು. ಈ ಮನೆಯ ಕೆಲಸ ಮೊದಲಿಂದ ಹಿಡಿದದ್ದು ಅವನೇ. ಕೈಯಲ್ಲಿ ನೆಟ್ಟಗಿದೆಯೋ ಎಂದು ನೋಡುವ ಓಳಂಬದ ದಾರ ಹಿಡಿದು, ತುದಿಯ ಗುಂಡು ನಿಲ್ಲುವುದನ್ನೇ ನೋಡುತ್ತಿದ್ದ. ವಿಜಯಶ್ರೀ ಚಹಾ ತಂದಿಟ್ಟಳು.

"ನೋಡ್ರಿ ಅಕ್ಕಾರ," ಅಂದ. ಧ್ವನಿ ತಗ್ಗಿತ್ತು. "ಗ್ವಾಡ್ಯಾಗ ಪೈಪ ಕುಂದ್ರಿಸಿದಾವ ನಾನ. ಬೇಸಿನ್ನಿನ ನಟ್ಟನಡುವಿಗೆ ಬರೋಬ್ಬರಿ ಕುಂತಿತ್ತು. ಮರದಿನ ಬಂದು ನೋಡಿದ್ರ ಹಿಂಗ. ಗ್ವಾಡಿ ಒಡದು ಮತ್ತ ಕುಂದ್ರಿಸಿದೆ. ಮತ್ತ ಹಿಂಗ."

"ಸಿಮೆಂಟ ಹಸಿ ಇದ್ದಾಗ ಜಾರಿರಬೇಕು."

"ಜಾರಿದ್ರ ಬಿರಕ ಬಿಡಬೇಕಲ್ರಿ. ಟೈಲ್ಸ ಸೀಳಬೇಕು. ಏನೂ ಆಗಿಲ್ಲ. ಪೈಪಿನ ಬಾಯಿ ಅಷ್ಟ ಆ ಕಡಿ ಸರೀತದ. ಪ್ರತಿ ಸಲಾನೂ ಆ ಕಡೀನ."

ವಿಜಯಶ್ರೀ ಅವನು ಬೆರಳು ತೋರಿಸಿದ ಕಡೆ ನೋಡಿದಳು. ಆ ಗೋಡೆಯ ಆಚೆ ಚಿಕ್ಕ ಕೋಣೆ. ರಾತ್ರಿ ಆಕೆ ತಲೆ ಇಟ್ಟು ಮಲಗಿದ್ದ ಜಾಗ.

ಏನೋ ಕೇಳಬೇಕು ಅಂತ ಕೇಳಿದಳು. "ಈ ನೀರ ಹೋಗೋದ ಎಲ್ಲಿಗಿ ತಮ್ಮಾ?"

"ಮತ್ತೆಲ್ಲಿಗ್ರಿ? ಬಾವ್ಯಾಗ."

"...ಯಾವ ಬಾವಿ?"

"ಹಿತ್ತಲದಾಗಿಂದ್ರಿ. ಬಚ್ಚಲದ್ದೂ ಅದಕ್ಕೇ ಬಿಟ್ಟೇವಿ, ಸಂಡಾಸಿಂದೂ ಅದಕ್ಕೇ." ಚಹಾ ಗುಟುಕರಿಸಿ, ಆಕೆಯ ಮುಖ ನೋಡಿ, ಲೋಟ ಕೆಳಗಿಟ್ಟ. "ನೀವ ಹೂಂ ಅಂದೀರಿ ಅಂದ್ರಲ್ರಿ ಮಾಲಕ್ರು?"

ಆಕೆ ಅಲ್ಲಿಂದ ಎದ್ದಳು. ಹಿತ್ತಲಿಗೆ ಹೋದಳು.

ಬಾವಿ ಇರಲಿಲ್ಲ. ಬಾವಿಯ ಬಾಯಿಯ ಮೇಲೆ ದೊಡ್ಡ ಫರಸಿ ಚಪ್ಪಡಿಗಳನ್ನು ಜೋಡಿಸಿ ಸಿಮೆಂಟು ಮೆತ್ತಿದ್ದರು. ಮನೆಯ ಕಡೆಯಿಂದ ಬಂದ ಬಿಳಿ ಪೈಪುಗಳು ಅದರ ಕೆಳಗೆ ತಲೆ ಹಾಕಿದ್ದವು. ಪೈಪಿನ ಪಕ್ಕದಲ್ಲಿ ಒಂದು ಸಂದು, ಅದರಿಂದ ಗಬ್ಬು ವಾಸನೆ. ರಾಟೆ ತೂಗುತ್ತಿದ್ದ ಎರಡು ಕಲ್ಲುಕಂಬ ಬರಿದಾಗಿ ನಿಂತಿದ್ದವು. ರಾಟೆಯೂ ಇಲ್ಲ, ಹಗ್ಗವೂ ಇಲ್ಲ. ಫರಸಿಯ ಒಂದು ಮೂಲೆಯಲ್ಲಿ ಎಣ್ಣೆಯ ಕಲೆ, ದೀಪ ಉರಿದು ಕಪ್ಪಾದ ಗುರುತು. ಫೋಟೋದಲ್ಲಿ ಕಾಣುತ್ತಿದ್ದ ಕಲ್ಲು ಇದೇ. ಆಕೆ ಅಂಗಡಿಯಲ್ಲಿ ಕೂತು ಕೈ ಮುಗಿದದ್ದು ಪಾಯಖಾನೆ ಗುಂಡಿಯ ಮುಚ್ಚಳಕ್ಕೆ.

ಹಾಗಾದರೆ ರಾತ್ರಿ ಸೇದಿದವರು ಯಾರು?

ಕಲ್ಯಾಣಕುಮಾರ ಹಿಂದೆ ಬಂದು ನಿಂತಿದ್ದ. ಹೇಳಲೋ ಬೇಡವೋ ಅಂತ ಒದ್ದಾಡುತ್ತಿದ್ದ.

"ಅಕ್ಕಾರ... ಒಂದ ಮಾತು. ಬಾವಿ ಮುಚ್ಚೂಮುಂದ ನಾ ಇಲ್ಲೇ ಇದ್ದೆ. ಮಾಲಕ್ರು ಕಾಯಿ ಒಡದ್ರು. ಬಗ್ಗಿ ಹೆಸರ ಹೇಳಿದ್ರು."

"ಯಾರ ಹೆಸರ?"

"ನಿಮ್ಮದ್ರಿ."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆ ಮನೆತನದಲ್ಲಿ ಒಂದು ರೂಢಿ ಇತ್ತು. ಬಾವಿಯನ್ನು ಸುಮ್ಮನೆ ಮುಚ್ಚುವ ಹಾಗಿಲ್ಲ. ಕಾಯಿ ಒಡೆದು, ಬಾವಿಯ ಬಾಯಿಗೆ ಬಗ್ಗಿ, ಯಾರು ಮುಚ್ಚಿಸುತ್ತಿದ್ದಾರೋ ಅವರ ಹೆಸರನ್ನು ಗಂಗಿಗೆ ಹೇಳಬೇಕು. ಗಂಗಿಯ ಮುನಿಸೆಲ್ಲ ಆ ಹೆಸರಿನವರಿಗೆ, ಮನೆಯಲ್ಲಿ ಉಳಿದವರಿಗೆ ಏನೂ ತಟ್ಟುವುದಿಲ್ಲ. ಅದಕ್ಕೇ ಹಿಂದಿನವರು ಯಾರೂ ಮುಚ್ಚುವ ಗೋಜಿಗೆ ಹೋಗಿರಲಿಲ್ಲ. ತನ್ನ ಹೆಸರನ್ನು ತಾನೇ ಕತ್ತಲೊಳಗೆ ಕೂಗುವ ಧೈರ್ಯ ಯಾರಿಗಿರುತ್ತದೆ ಹೇಳಿ. ಅರುಣಕುಮಾರನಿಗೂ ಇರಲಿಲ್ಲ. ಆದರೆ ಅವನಿಗೊಬ್ಬಳು ಅಕ್ಕ ಇದ್ದಳು.

ಆ ಫೋಟೋ ಯಾಕೆ ಕಳಿಸುತ್ತಿದ್ದೆ ಎಂದು ವಿಜಯಶ್ರೀ ಮೊದಲು ಭುವನೇಶ್ವರಿಯನ್ನು ಕೇಳಿದಳು. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಅವ್ರು ಕಳಸಂದ್ರು, ಕಳಿಸಿದೆ ಅಕ್ಕಾ. ನಿನಗ ಸಮಾಧಾನ ಇರಲಿ ಅಂತ," ಅಂದಳು. ಅಷ್ಟೇ. ಹಿಟ್ಟಿನ ಕೈ ಮುಂದುವರಿಯಿತು.

ಮಧ್ಯಾಹ್ನ ತಮ್ಮ ಊಟಕ್ಕೆ ಬಂದ. ಆಕೆ ಕೂಗಾಡಲಿಲ್ಲ. ಎದುರಿಗೆ ಕೂತು ಕೇಳಿದಳು.

"ಲಿಂಗ ಹಿಡದ ಹೇಳಿದ್ದೆಲ್ಲೋ ತಮ್ಮಾ."

"ಅವಾಗ ಬೋರ ಇರಲಿಲ್ಲಕ್ಕ. ಈಗ ಆ ಬಾವಿ ಯಾರಿಗಿ ಬೇಕು? ಗುಂಡಿ ತೋಡಬೇಕಂದ್ರ ತೆಳಗ ಬರೇ ಬಂಡಿಗಲ್ಲು. ಊರಾಗ ಎಲ್ಲಾರೂ ಹಿಂಗ ಮಾಡ್ಯಾರ."

"ಮುಚ್ಚಿದಿ. ಹೊಲಸ ಬಿಟ್ಟಿ. ಅದರ ಮ್ಯಾಲ ನನ್ನ ಹೆಸರ ಯಾಕ ಹೇಳ್ದಿ?"

ಅವನು ರೊಟ್ಟಿ ಮುರಿಯುತ್ತ ಹೇಳಿದ, "ಯಾರದರ ಒಂದು ಹೇಳಬೇಕಿತ್ತು. ನಂದ ಹೇಳಿದ್ರ, ಮನ್ಯಾಗ ಮದವಿ ಮಾತ ನಡದದ. ನೀ ಕೊಟ್ಟ ಮನಿಯಾಕಿ. ಈ ಮನಿ ದೋಷ ನಿನಗ್ಯಾಕ ತಟ್ಟತದ? ಹೊರಗಿನಾಕಿ ಅಲ್ಲೇನ ನೀ?"

ಹೊರಗಿನಾಕಿ. ಅವನನ್ನು ಬೆನ್ನ ಮೇಲೆ ಕಟ್ಟಿಕೊಂಡು ಅದೇ ಬಾವಿಯಿಂದ ನೀರು ಹೊತ್ತವಳು ಆಕೆ. ಪಾಲು ಬಿಡಿಸಿಕೊಳ್ಳುವಾಗ ಮನೆಯ ಮಗಳು, ಶಾಪ ಹಂಚುವಾಗ ಹೊರಗಿನವಳು. ಆ ಮಾತನ್ನೂ ನುಂಗಿಕೊಂಡಳು.

"ನನಗೂ ಮಗಳ ಅದಾಳ. ಈಗ ಅಕಿಗೂ ಒಂದು ಕೂಸ ಅದ. ಅದರ ಪೂಜಿ ಎಲ್ಲಿ ಮಾಡ್ಲಿ?"

"ಫರಸಿ ಮ್ಯಾಲ ಒಂದು ಕೊಡ ಬೋರಿನ ನೀರ ಇಟ್ಟು ಮಾಡ್ರಿ. ಜೇವರ್ಗಿ ಮಂದಿಗೇನ ತಿಳೀತದ," ಅಂದ ತಮ್ಮ. ಆಮೇಲೆ ಬಚ್ಚಲಿನ ಕಡೆ ತಿರುಗಿ ಗದರಿದ. "ಏ ಕಲ್ಯಾಣಿ, ಅದ ಕುಂದ್ರವಲ್ದು ಅಂದ್ರ ಬಳಕೋ ಪೈಪ ಹಚ್ಚಿ ಮುಗಸಲೇ ಅತ್ಲಾಗ."

ಕಲ್ಯಾಣಕುಮಾರ ಮನಸ್ಸಿಲ್ಲದ ಮನಸ್ಸಿನಿಂದ ಸುರುಳಿ ಸುರುಳಿಯಾದ ಪ್ಲಾಸ್ಟಿಕ್ ಪೈಪೊಂದನ್ನು ತಂದು, ಬೇಸಿನ್ನಿನ ಕೊಳವೆಗೆ ಒಂದು ತುದಿ, ಗೋಡೆಯ ಪೈಪಿಗೆ ಇನ್ನೊಂದು ತುದಿ ಬಗ್ಗಿಸಿ ತುರುಕಿದ. ನಳ ಬಿಟ್ಟರೆ ನೀರು ಗಟಗಟ ಇಳಿಯಿತು. ಅರುಣಕುಮಾರ ಕೈ ತೊಳೆದು, ನೋಡಿದಿರಾ ಅನ್ನುವಂತೆ ಎಲ್ಲರ ಮುಖ ನೋಡಿ ಅಂಗಡಿಗೆ ಹೋದ.

ಆಕೆ ಆಗಲೇ ಹೊರಟುಬಿಡಬೇಕಿತ್ತು ಅನ್ನುತ್ತೀರಿ. ಚೀಲ ಕೈಗೆತ್ತಿಕೊಂಡದ್ದೂ ನಿಜ. ಆದರೆ ಬೀಗರಿಗೆ ಏನಂತ ಹೇಳುವುದು? ನನ್ನ ತವರಿನವರು ಗಂಗಿಯ ಬಾಯಿಗೆ ಹೊಲಸು ಬಿಟ್ಟಿದ್ದಾರೆ, ಬರಬೇಡಿ ಅಂತಲೇ? ಫೋನು ಹಿಡಿದು ಕೂತಳು. ಭಾಗ್ಯಾಳ ನಂಬರು ಒತ್ತುವುದು, ಆರಿಸುವುದು. ಹೊತ್ತು ಮುಳುಗಿತು, ಬಸ್ಸೂ ಹೋಯಿತು.

ರಾತ್ರಿ ಎಲ್ಲರೂ ಮಲಗಿದರು. ಆಕೆಗೆ ನಿದ್ದೆ ಎಲ್ಲಿಂದ ಬರಬೇಕು? ಗೋಡೆ ನೋಡುತ್ತ ಬಿದ್ದುಕೊಂಡಿದ್ದಳು. ಆ ಗೋಡೆಯೊಳಗಿಂದ... ಮೆಲ್ಲಗೆ...

ಕಿರ್ರ್... ಕಿರ್ರ್... ಟಕ್.

ಎದ್ದು ಬಚ್ಚಲಿಗೆ ಹೋದಳು. ಲೈಟು ಹಾಕಲಿಲ್ಲ, ಫೋನಿನ ಬೆಳಕು ಹಿಡಿದಳು. ಸದ್ದು ಬೇಸಿನ್ನಿನ ತೂತಿನಿಂದ ಬರುತ್ತಿತ್ತು. ಕಿರ್ರ್... ಕಿರ್ರ್... ಟಕ್. ಬುಳುಂಗ್. ಆಮೇಲೆ ಹಗ್ಗ ಕಲ್ಲಿಗೆ ಉಜ್ಜುವ ಸರ್ರ್ ಸದ್ದು, ಹತ್ತಿರ... ಇನ್ನೂ ಹತ್ತಿರ... ತೂತಿನಿಂದ ನೀರು ಮೇಲೆ ಬಂತು. ಹೊಲಸು ನೀರಲ್ಲ. ತಿಳಿ ನೀರು, ಬೇಸಿನ್ನಿನ ಹೂವಿನ ಚಿತ್ರ ಸ್ಪಷ್ಟವಾಗಿ ಕಾಣುವಷ್ಟು ತಿಳಿ. ಅರ್ಧಕ್ಕೆ ಬಂದು ನಿಂತಿತು. ಅದರಿಂದ ವಿಭೂತಿಯ ವಾಸನೆ, ಹಸಿ ಹಗ್ಗದ ವಾಸನೆ.

"ವಿಜೂ..."

ಆ ಹೆಸರಿಂದ ಆಕೆಯನ್ನು ಕರೆಯುತ್ತಿದ್ದವರು ಒಬ್ಬರೇ.

"...ಅವ್ವಾ?"

ನಳದಿಂದ ಒಂದು ಹನಿ, ಟಪ್.

"ನೀನ ಅಂದ್ಯಾ ವಿಜೂ?... ನಿನ್ನ ಹೆಸರ ಹೇಳಿದ್ರು."

ಆಕೆ ಹೆದರಲಿಲ್ಲ ಅನ್ನುವುದಿಲ್ಲ. ಆದರೆ ಹೆದರಿಕೆಗಿಂತ ಆ ಮಾತು ಸುಟ್ಟದ್ದು ಹೆಚ್ಚು. ತಮ್ಮ ಮೋಸ ಮಾಡಿದ, ಅದನ್ನು ಹೇಗೋ ನುಂಗಬಹುದಿತ್ತು. ಸತ್ತ ತಾಯಿ ಇಷ್ಟು ದಿನ ಆ ಹೊಲಸಿನಲ್ಲಿ ನೀರು ಸೇದುತ್ತ, ನನ್ನ ಮಗಳೇ ಹೀಗೆ ಮಾಡಿದಳು ಅಂತ ತಿಳಿದಿದ್ದಾಳಲ್ಲ, ಅದನ್ನು ನುಂಗುವುದು ಹೇಗೆ?

"ನಾ ಅಲ್ಲವ್ವಾ," ಅಂದಳು. "ಆಣಿ ಮಾಡಿ ಹೇಳ್ತೇನಿ, ನಾ ಅಲ್ಲ."

ನೀರು ಹಾಗೇ ನಿಂತಿತ್ತು. ರೂಢಿಯ ಪ್ರಕಾರ ಬಾವಿಗೆ ಹೇಳಿದ ಹೆಸರು ಬಾವಿಗೆ ಹೇಳಿಯೇ ತಿರುಗಬೇಕು, ಅದೂ ಮೊದಲು ಹೇಳಿದವರ ಬಾಯಿಂದಲೇ. ಆಕೆ ಹೋಗಿ ತಮ್ಮನನ್ನು ಎಬ್ಬಿಸಿದಳು.

"ಏಳು. ಬಾವಿಗಿ ಬಾ. ಖರೇ ಹೆಸರ ಹೇಳು. ಬ್ಯಾರೆ ಏನೂ ಕೇಳಂಗಿಲ್ಲ ನಾ. ಹೊಲಾನೂ ಕೇಳಂಗಿಲ್ಲ, ಮನೀನೂ ಕೇಳಂಗಿಲ್ಲ."

"ಹುಚ್ಚ ಹಿಡದದೇನ ಅಕ್ಕ..." ಅನ್ನುತ್ತಿದ್ದವನು ಮಧ್ಯದಲ್ಲೇ ಬಾಯಿ ಮುಚ್ಚಿದ. ಅವನಿಗೂ ಕೇಳಿಸಿತ್ತು. ಕಿರ್ರ್... ಕಿರ್ರ್... ಟಕ್. ಲುಂಗಿ ಬಿಗಿದುಕೊಂಡು ಆಕೆಯ ಹಿಂದೆ ಬಂದ. ಬರುವಾಗ ಅಕ್ಕನ ಸೆರಗಿನ ತುದಿ ಹಿಡಿದಿದ್ದ, ಸಣ್ಣವನಿದ್ದಾಗ ಹಿಡಿಯುತ್ತಿದ್ದ ಹಾಗೆ. ಆಕೆಗೆ ಒಂದು ಗಳಿಗೆ ಅವನ ಮೇಲೆ ಮರುಕ ಬಂತು. ಹೇಳುತ್ತಾನೆ, ಎಷ್ಟಂದರೂ ನನ್ನ ತಮ್ಮ, ಅಂದುಕೊಂಡಳು.

ಪೂಜೆಗೆ ತಂದ ಕಾಯಿಯನ್ನು ಚೀಲದಿಂದ ತೆಗೆದು ಕೊಟ್ಟಳು. ಅವನು ಫರಸಿಯ ಮೇಲೆ ಒಡೆದ. ಪೈಪಿನ ಪಕ್ಕದ ಸಂದಿಗೆ ಬಾಯಿ ಹಚ್ಚಿ ಕೂತ. ಆಕೆ ಫೋನಿನ ಬೆಳಕು ಹಿಡಿದು ಹಿಂದೆ ನಿಂತಳು. ಒಳಗೆ ರಾಟೆ ತಿರುಗುತ್ತಲೇ ಇತ್ತು.

ಅವನು ಪಿಸುಗುಟ್ಟಿದ. ಅಕ್ಕನಿಗೆ ಕೇಳಿಸದ ಹಾಗೆ, ತೀರಾ ಮೆಲ್ಲಗೆ. ಆದರೆ ಆ ರಾತ್ರಿ ಗಾಳಿ ಇರಲಿಲ್ಲ.

"ವಿಜಯಶ್ರೀ... ನಮ್ಮಕ್ಕ ವಿಜಯಶ್ರೀನ ಮಾಡಿಸ್ಯಾಳ. ನಾ ಅಲ್ಲ."

ಕಿರ್ರ್... ಕಿರ್ರ್...

ಟಕ್ ಬರಲಿಲ್ಲ.

ಆಕೆ ಕಾದಳು. ಬರಲಿಲ್ಲ. ಕೆಳಗೆ ಎಲ್ಲವೂ ನಿಂತುಹೋಗಿತ್ತು.

ಅರುಣಕುಮಾರ ಎದ್ದು ಮೊಣಕಾಲು ಒರೆಸಿಕೊಂಡ.

"ಹೇಳ್ದ್ಯಾ?"

"ಹೇಳ್ದೆ ಅಕ್ಕ."

"ಯಾರ ಹೆಸರ?"

"ನಂದ."

ವಿಜಯಶ್ರೀ ಫೋನಿನ ಬೆಳಕು ಆರಿಸಿದಳು. ಅವನನ್ನು ಆ ಕತ್ತಲಲ್ಲಿ, ಆ ಕಲ್ಲಿನ ಮೇಲೆ ಬಿಟ್ಟು ಒಳಗೆ ಬಂದು ಚೀಲ ತೆಗೆದುಕೊಂಡಳು. ಬೆಳಗಾಗುವ ತನಕ ಆಲದ ಮರದ ಕೆಳಗೆ ಒಬ್ಬಳೇ ಕೂತಿದ್ದಳು. ಮೊದಲ ಬಸ್ಸಿಗೆ ಹೋದವಳು ಇವತ್ತಿನ ತನಕ ಗೊಬ್ಬೂರಿಗೆ ಕಾಲಿಟ್ಟಿಲ್ಲ.

ಭಾಗ್ಯಾಳಿಗೆ ಫೋನು ಮಾಡಿ ಎಲ್ಲರನ್ನೂ ತನ್ನ ಮನೆಗೇ ಕರೆಸಿಕೊಂಡಳು, ಪೂಜೆ ಅಫಜಲಪುರದಲ್ಲೇ ಆಯಿತು. ಬಾವಿ ಎಲ್ಲಿಂದ ತರಬೇಕು? ಓಣಿಯ ನಳಕ್ಕೇ ಅರಿಶಿನ ಕುಂಕುಮ ಹಚ್ಚಿದರು, ಬಳೆ ಏರಿಸಿದರು. ಈಗ ಎಷ್ಟೋ ಮಂದಿ ಹಾಗೇ ಮಾಡುತ್ತಾರೆ, ಬೀಗರೂ ತಕರಾರು ಮಾಡಲಿಲ್ಲ. ಭಾಗ್ಯಾ ಸಣ್ಣ ಕೊಡ ಹಿಡಿದು ನಳ ತಿರುಗಿಸಿದಳು. ನೀರು ಬರಲಿಲ್ಲ. ನಳದೊಳಗೆ ಗಾಳಿ ಕಟ್ಟಿದೆ ಅಂದರು ಯಾರೋ. ಆಗ ನಳ ಸದ್ದು ಮಾಡಿತು.

ಕಿರ್ರ್... ಕಿರ್ರ್...

ವಿಜಯಶ್ರೀ ಉಸಿರು ಬಿಗಿ ಹಿಡಿದಳು.

...ಟಕ್.

ನೀರು ಬಂತು. ಕೊಡ ತುಂಬಿತು. ಆಕೆ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಮೊಮ್ಮಗಳ ಖುಷಿಗೆ ಅಳುತ್ತಿದ್ದಾಳೆ ಅಂದುಕೊಂಡರು ಜನ. ತಾಯಿ ಕೇಳಿಸಿಕೊಂಡಿದ್ದಳು. ಸಂದಿಗೆ ಬಾಯಿ ಹಚ್ಚಿದವನು ಯಾರು, ಯಾರ ಹೆಸರು ಹೇಳಿದ, ಎರಡೂ ತಾಯಿಗೆ ತಿಳಿದಿತ್ತು.

ಇನ್ನು ಆ ಬೇಸಿನ್. ಮಟಕಿಯ ಬೀಗರು ಬರುವ ಹಿಂದಿನ ದಿನ ಕಲ್ಯಾಣಕುಮಾರ ಕೊನೆಯ ಸಲ ನೋಡಿಕೊಂಡು ಹೋಗಲು ಬಂದ. ಬಳುಕುವ ಪೈಪು ಕಳಚಿ ನೆಲದ ಮೇಲೆ ಬಿದ್ದಿತ್ತು. ಗೋಡೆಯ ಪೈಪು ಬೇಸಿನ್ನಿನ ನಟ್ಟನಡುವಿಗೆ ಬಂದು ನಿಂತಿತ್ತು. ಓಳಂಬ ಬಿಟ್ಟು ನೋಡಿದ, ಕೂದಲೆಳೆಯಷ್ಟೂ ಫರಕಿಲ್ಲ. ಯಾರು ಮಾಡಿದಿರಿ ಅಂತ ಕೇಳಿದರೆ ಮನೆಯಲ್ಲಿ ಯಾರೂ ಮುಟ್ಟಿಯೇ ಇರಲಿಲ್ಲ. ನೆಟ್ಟಗಿನ ಕೊಳವೆ ಹಾಕಿ, ನೀರು ಬಿಟ್ಟು ನೋಡಿ, ಹೋಗುತ್ತೇನೆಂದು ಯಾರಿಗೂ ಹೇಳದೆ ಗಾಡಿ ಹತ್ತಿದ. ಇದನ್ನು ಅವನೇ ಹೇಳಿದ್ದು, ನೆಲೋಗಿಯಲ್ಲಿ ಅವನ ಮನೆ ಕಟ್ಟೆಯ ಮೇಲೆ ಕೂತು.

ಮರುದಿನ ಬೀಗರು ಬಂದರು, ಉಂಡರು, ಒಬ್ಬೊಬ್ಬರಾಗಿ ಬೇಸಿನ್ನಿನಲ್ಲಿ ಕೈ ತೊಳೆದರು. ಗಟಗಟ ನೀರು ಇಳಿಯಿತು. ಬಚ್ಚಲು ಛಲೋ ಮಾಡಿಸೀರಿ ಅಂದರು. ಕೊನೆಗೆ ಅರುಣಕುಮಾರ ಕೈ ಒಡ್ಡಿದ. ನೀರು ನಿಂತಿತು. ಇಳಿಯಲಿಲ್ಲ. ಮೆಲ್ಲಗೆ ಏರಿತು. ಅವನು ಕೈ ತೆಗೆದು ಹೊರಗೆ ಬಂದ ಮೇಲೆ ಗಟಗಟ ಅಂತ ಒಂದೇ ಸಲ ಇಳಿದುಹೋಯಿತು. ಕಸ ಸಿಕ್ಕಿದೆ ಅಂತ ಬಿಚ್ಚಿ ನೋಡಿಸಿದ. ಒಂದು ಕೂದಲೂ ಇರಲಿಲ್ಲ. ಹೆಂಡತಿ ತೊಳೆದರೆ ಇಳಿಯುತ್ತದೆ, ಮಗ ತೊಳೆದರೆ ಇಳಿಯುತ್ತದೆ, ಮೊನ್ನೆ ಬಂದ ಸೊಸೆ ತೊಳೆದರೂ ಇಳಿಯುತ್ತದೆ.

ನಂಬದಿದ್ದರೆ ಬಿಡಿ. ಹೋದ ಮಳೆಗಾಲದಲ್ಲಿ ನಾವು ಅರುಣಕುಮಾರನ ಮನೆಗೆ ಉಣ್ಣಲು ಹೋಗಿದ್ದೆವು, ಕಣ್ಣಾರೆ ಕಂಡದ್ದು. ಉಂಡ ಮೇಲೆ ನಮಗೆಲ್ಲ ಬಚ್ಚಲು ತೋರಿಸಿದ, ಟವೆಲು ಕೊಟ್ಟ. ತಾನು ಮಾತ್ರ ಮಳೆಗೆ ತಲೆಯ ಮೇಲೆ ಗೊಬ್ಬರದ ಚೀಲ ಹೊದ್ದು, ತಂಬಿಗೆ ಹಿಡಿದು ಅಂಗಳಕ್ಕೆ ಇಳಿದ. ಅಲ್ಲೇ ಕುಕ್ಕರಗಾಲಲ್ಲಿ ಕೂತು ಕೈ ತೊಳೆದುಕೊಂಡು ಒಳಗೆ ಬಂದ.